ಜ್ವರ ಅಂತ ನಾನು ಹೇಳಿದ ಸುಳ್ಳು

ಮಾವನವರೇ,

ನೀವಿದ್ದಾಗ ನಿಮ್ಮೆದುರು ನಿಂತು ನಾಲ್ಕು ಮಾತಾಡಿದವಳಲ್ಲ ನಾನು. ಬಾಗಿಲ ಮರೆಯಿಂದ "ಹೂಂ" ಅಂದದ್ದೇ ಹೆಚ್ಚು. ನಾನು ಸೊಸೆಯಾಗಿ ಬಂದ ವರ್ಷವೇ "ಒಲೆ ಮುಂದೆ ಕೂರೋಕೆ ಬ್ಯಾರೆಯವ್ರವ್ರೆ, ನೀನು ಓದ್ಕೊ ಕಣಮ್ಮ" ಅಂತ ಮೈಸೂರಿಗೆ ಟ್ರೈನಿಂಗಿಗೆ ಕಳಿಸಿದಿರಿ. ಅತ್ತೆ ಮೂರು ದಿನ ನಿಮ್ಮ ಜೊತೆ ಮಾತು ಬಿಟ್ಟಿದ್ದರು. ಅಷ್ಟೆಲ್ಲ ಕಷ್ಟಪಟ್ಟು ನೀವು ಮಾಡಿದ ಮೇಷ್ಟ್ರಮ್ಮ ಹೇಗಾದಳು ಅಂತ ಕೇಳಿದರೆ... ಏನು ಹೇಳಲಿ?

ಮೇಷ್ಟ್ರಾಗಿ ರಿಟೈರಾದ ಮೇಲೂ ನೀವು, ನಾನು ಪಾಠ ಹೇಳುವ ಹಾರನಹಳ್ಳಿ ಸ್ಕೂಲಿಗೆ ತಿಂಗಳಿಗೊಮ್ಮೆ ಸೈಕಲ್ ತುಳಿದುಕೊಂಡು ಬರುತ್ತಿದ್ದಿರಿ. ಸುತ್ತಲ ಮೇಷ್ಟ್ರುಗಳನ್ನೆಲ್ಲ ಮಕ್ಕಳ ಚಾಪೆ ಮೇಲೆ ಕೂರಿಸಿ, ಒಬ್ಬೊಬ್ಬರ ಕೈಲೂ ಪಾಠ ಮಾಡಿಸಿ ತಿದ್ದುತ್ತಿದ್ದಿರಿ. ಆಮೇಲೆ ಜವರಿಯ ಪಕ್ಕ ಹೋಗಿ ಕೂರುತ್ತಿದ್ದಿರಿ. ಕೂಲಿ ಮಾಡುವವಳ ಮಗಳು, ಮಾತು ತೊದಲು. "ಇವಳು ಹೇಳೋದು ನಿಧಾನ, ಯೋಚ್ನೆ ನಿಧಾನ ಅಲ್ಲ ಕಣ್ರೀ, ಕಾಯ್ರಿ" ಅನ್ನುತ್ತಿದ್ದಿರಿ. ಹೆಡ್ ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ತಲೆ ಆಡಿಸುತ್ತಿದ್ದ. ನಿಮ್ಮ ಹತ್ತಿರವೇ ಕಲಿತವನಲ್ಲವೇ!

ಆ ಇನ್‌ಸ್ಪೆಕ್ಷನ್ ದಿನ ಬೆಳಿಗ್ಗೆ ಅವನು ನನ್ನನ್ನು ಕರೆದು, "ದಡ್ಡಮುಂಡೇವು ಸಾಹೇಬರ ಎದುರಿಗೆ ಕೂತ್ರೆ ಸ್ಕೂಲಿನ ಮಾನ ಓಯ್ತದೆ. ಜವರಿನ, ಆ ಹಿಂದಿನ ಸಾಲಿನವ್ರನ್ನ ಆಚೆ ಅಟ್ಟಿ" ಅಂದ. ನಾನೇ ಅಟ್ಟಿದೆ ಮಾವ, ಈ ಕೈಯಿಂದಲೇ. ಅದೇ ಹೊತ್ತಿಗೆ ನೀವು ಬಂದಿರಿ. ಜವರಿ ಎಲ್ಲಿ ಅಂದಿರಿ. "ಜ್ವರ ಸಾರ್" ಅಂದ ಅವನು. ನೀವು ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಿರಿ. ನಾನು "ಹೌದು, ಜ್ವರ" ಅಂದೆ.

ಜ್ವರದ ಮಗುವನ್ನು ನೋಡೋಣ ಅಂತ ನೀವು ಬಿಸಿಲಲ್ಲೇ ಹೊರಟುಬಿಡುತ್ತೀರಿ ಅಂತ ಯಾರಿಗೆ ಗೊತ್ತಿತ್ತು? ದಾರಿಯಲ್ಲೇ ಕಂಡಳಂತೆ. ಹೆಡ್ ಮೇಷ್ಟ್ರ ಮನೆ ಹಿತ್ತಲಿನಲ್ಲಿ, ಮೊಣಕೈವರೆಗೆ ಸಗಣಿ, ಬೆರಣಿ ತಟ್ಟುತ್ತಾ. ವಾಪಸು ಬಂದವರು ಅವನನ್ನು ದಾಟಿಕೊಂಡೇ ನಡೆದಿರಿ. ನನ್ನ ಹತ್ತಿರ ಬಂದು, "ನೀನೂನಾ, ಅಮ್ಮಾ?" ಅಂದಿರಿ. ಅಷ್ಟೇ. ಆಮೇಲೆ ಎದೆನೋವು ಅಂತ ಮಲಗಿದವರು ಮೇಲೇಳಲಿಲ್ಲ. ತಪ್ಪಾಯ್ತು ಅನ್ನೋಕೆ ಎಷ್ಟು ಸಲ ಗಂಜಿ ಹಿಡಿದು ನಿಮ್ಮ ಮಂಚದ ಹತ್ತಿರ ಬಂದೆ. ಪ್ರತಿ ಸಲವೂ ಗಂಜಿ ಇಟ್ಟು...

ನಿಮ್ಮ ಫೋಟೋಕ್ಕೆ ಹಾರ ಹಾಕಿದ ದಿನ ಅವನು ಭಾಷಣ ಮಾಡಿದ. "ಒಂದು ಮಗುವನ್ನೂ ಕೈಬಿಡಬೇಡಿ ಅಂತ ಕಲಿಸಿದ ಮಹಾನುಭಾವರು" ಅಂತ ಗಳಗಳ ಅತ್ತ. ಊರ ಜನ ಕಣ್ಣೊರೆಸಿಕೊಂಡರು. ಅವನ ಮೂಗಿನಿಂದ ಇಳಿದದ್ದು ಮೀಸೆಗೆ ಅಂಟಿತ್ತು. ಅದನ್ನು ಒರೆಸಿಕೊಂಡ ಕೈಯಲ್ಲೇ ನಿಮ್ಮ ಫೋಟೋ ಮುಟ್ಟಿದ. ನಾನು ಸ್ಕೂಲಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ. ಥೂ! ಹೇಸಿಗೆ ಅವನ ಮೇಲೆ ಮಾತ್ರ ಅಲ್ಲ ಮಾವ. ಅವನ ಪಕ್ಕ ಕುಂಕುಮದ ತಟ್ಟೆ ಹಿಡಿದು ನಿಂತಿದ್ದವಳು ಯಾರು?

ಮೊನ್ನೆ ಮತ್ತೆ ಇನ್‌ಸ್ಪೆಕ್ಷನ್. ಅವನು ಮತ್ತೆ ಅದೇ ಮಾತು ಹೇಳಿದ. "ಇಲ್ಲ" ಅಂದೆ. ಜವರಿಯನ್ನು ಮುಂದಿನ ಸಾಲಿನಲ್ಲೇ ಕೂರಿಸಿದೆ. ಸಾಹೇಬರು ಅವಳನ್ನೇ ಎಬ್ಬಿಸಿ, "ಹುಣಸೂರಿಂದ ಪಿರಿಯಾಪಟ್ಟಣ ಯಾವ ದಿಕ್ಕಿಗಿದೆ?" ಅಂತ ಕೇಳಿದರು. ಅವಳಿಗೆ ಮಾತು ಹೊರಡಲಿಲ್ಲ. ಹೆಡ್ ಮೇಷ್ಟ್ರು ಕಿಸಕ್ಕನೆ ನಕ್ಕ. ಸಾಹೇಬರು ಮುಂದಿನವನ ಕಡೆ ತಿರುಗಿದರು. "ದಯವಿಟ್ಟು ಕಾಯಿರಿ ಸ್ವಾಮಿ" ಅಂದೆ. ಕೋಣೆಯಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡಿದವಳು ನಾನೇನಾ ಅನ್ನಿಸಿತು. ಸಾಹೇಬರು ಕಾದರು.

"ಮೂ... ಮೂಡ್ಲು" ಅಂದಳು.

ತಪ್ಪು. ಪಿರಿಯಾಪಟ್ಟಣ ಇರುವುದು ಪಡುವಣಕ್ಕೆ. ಮಕ್ಕಳೆಲ್ಲ ಗೊಳ್ಳೆಂದರು. ಸಾಹೇಬರು ಪುಸ್ತಕದಲ್ಲಿ ಏನೋ ಬರೆದುಕೊಂಡರು. ಆ ಬರಹದ ಫಲವಾಗಿ ನನಗೆ ಹೆಗ್ಗಡದೇವನಕೋಟೆ ಕಡೆಗೆ ವರ್ಗವಾಗಿದೆ, ಸೋಮವಾರ ಹೊರಡುತ್ತೇನೆ. ಅದಿರಲಿ. ನಿಮಗೆ ತಿಳಿಯಬೇಕಾದದ್ದು ಆಮೇಲೆ ನಡೆದದ್ದು. ಜವರಿ ಕೂರಲಿಲ್ಲ ಮಾವ. ಲಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, "ಇ... ಇನ್ನೊಂದ್ಸಲ ಕೇಳಿ ಸ್ವಾಮಿ" ಅಂದಳು.