ತಪ್ಪು ಗುಂಪಿಗೆ ಬಿದ್ದ ಮನೆಗಳು

ಶಾಲಾ ಸಮೀಕ್ಷೆಯ ಜಿಲ್ಲಾ ಅಧಿಕಾರಿಗಳೇ,

ತೆಲಂಗಾಣದ ಗಡಿಯಲ್ಲಿರುವ ಕೃಷ್ಣಾ ಮಂಡಲದ ನಮ್ಮೂರಿಗೆ ಕನ್ನಡ ಹೈಸ್ಕೂಲು ಬೇಡವೆಂದು ನೀವು ಹೊರಡಿಸಿದ ಆದೇಶ ಸುಳ್ಳಿನ ಮೇಲೆ ನಿಂತಿದೆ. ಆ ಸುಳ್ಳಿನಲ್ಲಿ ನನ್ನ ಪಾಲೂ ಇರುವುದರಿಂದ ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ.

ನಿಮ್ಮ ವಿಧಾನ ಎಷ್ಟು ಚೆಂದ! ಮುನ್ನೂರು ಮನೆಗಳನ್ನು ಮನೆಮಾತಿನ ಪ್ರಕಾರ ಕನ್ನಡದ ಗುಂಪು, ತೆಲುಗಿನ ಗುಂಪು ಎಂದು ವಿಂಗಡಿಸಿದಿರಿ. ಪ್ರತಿ ಗುಂಪಿನಲ್ಲೂ ಹತ್ತಕ್ಕೊಂದು ಮನೆಯನ್ನು ಚೀಟಿ ಎತ್ತಿ ಆರಿಸಿದಿರಿ. ದೊಡ್ಡ ಗುಂಪಿಗೆ ದೊಡ್ಡ ಪಾಲು, ಸಣ್ಣದಕ್ಕೆ ಸಣ್ಣ ಪಾಲು. ಯಾರು ತಕರಾರು ತೆಗೆದಾರು? ಕನ್ನಡ ಹೈಸ್ಕೂಲು ಬೇಕೇ ಎಂಬ ಪ್ರಶ್ನೆ ಮಾತ್ರ ಕನ್ನಡದ ಗುಂಪಿಗಷ್ಟೇ. ಆ ಗುಂಪಿನಲ್ಲಿ ಸಿಕ್ಕಿದ್ದು ಮೂವತ್ತು ಮನೆ, ಎತ್ತಿದ್ದು ಮೂರು ಚೀಟಿ. ಮೂವರೂ ಬೇಕೆಂದರು. ಮೂವತ್ತು ಮನೆಗೊಂದು ಹೈಸ್ಕೂಲು ಯಾಕೆಂದು ನೀವು ಕಡತ ಮುಚ್ಚಿದಿರಿ. ಕುಲದೇವರು ಬೀರಪ್ಪನ ಪದಗಳನ್ನು ಕನ್ನಡದಲ್ಲೇ ಹಾಡುವ ಕುರುಬರ ಓಣಿ ಇಡಿಯಾಗಿ ತೆಲುಗಿನ ಗುಂಪಿಗೆ ಹೋದದ್ದು ಹೇಗೆಂದು ನಿಮಗೆ ಅನುಮಾನವೇ ಬರಲಿಲ್ಲವೇ?

ನಾನು ಹೇಳುತ್ತೇನೆ. ಮನೆಗಳನ್ನು ವಿಂಗಡಿಸಲು ಬಂದ ನಿಮ್ಮ ನೌಕರರಿಗೆ ದಾರಿ ತೋರಿಸಿದವನು ನಾನೇ. ಕುರಿಗಾರರ ಕಿಷ್ಟಮ್ಮನ ಬಾಗಿಲಲ್ಲಿ ಅವರು ತೆಲುಗಿನಲ್ಲಿ ಮನೆಮಾತು ಕೇಳಿದರು. "ತೆಲುಗೇ ಸಾರ್" ಎಂದಳು. ಬಂದವರ ಮಾತಿಗೆ ತಮ್ಮ ಮಾತು ಹೊಂದಿಸುವುದು ನಮ್ಮ ಕಡೆಯ ಮರ್ಯಾದೆ. ಮರುಕ್ಷಣವೇ ಮೊಮ್ಮಗಳು ಸುನಿತಾಳಿಗೆ, "ಏ ಹುಡುಗಿ, ಸಾಹೇಬ್ರಿಗೆ ನೀರು ತಾ, ನಿಂತ ಏನ್ ನೋಡಾಕತ್ತಿ?" ಎಂದು ಕೂಗಿದಳು. ನೌಕರರು ಗೊಂದಲದಿಂದ ನನ್ನತ್ತ ನೋಡಿದರು. ತೆಲುಗೇ ಬರೆದುಕೊಳ್ಳಿ ಎಂಬಂತೆ ನಾನು ತಲೆಯಾಡಿಸಿದೆ. ತೆಲಂಗಾಣ ರಾಜ್ಯದ ಹೋರಾಟದಲ್ಲಿ ಮಕ್ತಲ್ ರಸ್ತೆಯಲ್ಲಿ ಲಾಠಿ ತಿಂದ ನನಗೆ, ಕನ್ನಡದವರೆಂದು ಬರೆಸಿದರೆ ಹೊಸ ರಾಜ್ಯದಲ್ಲಿ ನಮ್ಮನ್ನು ಹೊರಗಿನವರೆಂದಾರು ಎಂಬ ಅಂಜಿಕೆ. ಓಣಿಯುದ್ದಕ್ಕೂ ಹಾಗೇ ತಲೆಯಾಡಿಸಿದೆ.

ಊರಿನ ಕನ್ನಡ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿದ ಸುನಿತಾ, ಮುಂದೆ ಓದಲು ಕನ್ನಡ ಶಾಲೆಯಿಲ್ಲದೆ ಈಗ ಹತ್ತಿ ಬಿಡಿಸಲು ಹೋಗುತ್ತಾಳೆ. ಮೊನ್ನೆ ಕಿಷ್ಟಮ್ಮ ಅಡ್ಡಗಟ್ಟಿದಳು:

"ಏನ್ರೀ ಲೀಡರ್, ನಮ್ಮ ಹೈಸ್ಕೂಲ್ ಎಲ್ಲೈತ್ರಿ?"

"ನೀನ ತೆಲುಗು ಅಂದಿಯಲ್ಲವ್ವಾ."

"ಅವ್ರು ತೆಲುಗಿನ್ಯಾಗ ಕೇಳಿದ್ರು, ಹಂಗಂದೆ. ಗೊತ್ತಿದ್ದೂ ನೀ ಯಾಕ ಬಾಯಿ ಮುಚ್ಕೊಂಡಿದ್ದೆಪ್ಪಾ? ಲಾಠಿ ತಿನ್ನಾಕ ಬರ್ತೈತಿ, ಖರೇ ಹೇಳಾಕ ಬರಲ್ಲೇನು?"

ಮನೆಗೆ ಬಂದು ಈ ಪತ್ರ ಬರೆಯಲು ಕೂತೆ. ನೀವೇ ಹೇಳಿ, ಗುಂಪು ಮಾಡುವಲ್ಲೇ ತಪ್ಪಿದ ಮೇಲೆ ಚೀಟಿ ಎಷ್ಟು ಪ್ರಾಮಾಣಿಕವಾಗಿ ಎತ್ತಿದರೇನು?

ಆದೇಶ ರದ್ದು ಮಾಡಿ. ಎರಡೂ ಮಾತು ಬಲ್ಲವರನ್ನು ಕಳಿಸಿ ಮನೆಗಳನ್ನು ಮತ್ತೆ ವಿಂಗಡಿಸಿ, ಹೊಸದಾಗಿ ಚೀಟಿ ಎತ್ತಿ, ಹೈಸ್ಕೂಲಿನ ಪ್ರಶ್ನೆಯನ್ನು ಎರಡೂ ಗುಂಪಿಗೆ ಕೇಳಿ. ಜೂನ್‌ನೊಳಗೆ ಆಗಬೇಕು, ಹತ್ತಿ ಹೊಲಕ್ಕೆ ಹೋದ ಹುಡುಗಿ ಮತ್ತೊಂದು ವರ್ಷ ಕಾಯಲಾರಳು. ಈ ಸಲ ದಾರಿ ತೋರಿಸಲು ನನ್ನನ್ನು ಕರೆಯಬೇಡಿ. ಕಿಷ್ಟಮ್ಮನನ್ನು ಕರೆಯಿರಿ.

ಇಂತಿ,
ನಿಮ್ಮ ತಪ್ಪಿನ ಪಾಲುದಾರ,
ಸಿದ್ದರಾಮೇಶ