ಕುಲ್ವಾ ಚೆನ್ನಾಗಿದ್ದಾಳಾ?

ಜುಲೈ 24, ಮಂಗಳವಾರ

ಆಶ್ರಮದ ಹದಿನೇಳು ಮಕ್ಕಳ ತಲೆ ಬೋಳಿಸಿದ್ದಾಯಿತು. ಬೆರಳು ಮರಗಟ್ಟಿವೆ. ಹುಡುಗಿಯರ ತಲೆಯಲ್ಲಿ ಅರ್ಧ ಇಂಚು ಕೂದಲು ಕಂಡರೆ ಸಾಕು, ಹೆಡ್‌ಮಾಸ್ಟರ್ ಚೀಟಿ ಕಳಿಸುತ್ತಾರೆ. ಅವರ ತಲೆಯಲ್ಲೋ ಒಂದೂ ಇಲ್ಲ, ಹೊಟ್ಟೆಕಿಚ್ಚು.

ಡೋಟೋಗೆ ಮಾಕ್ ಪರೀಕ್ಷೆಯ ಗಣಿತದಲ್ಲಿ ಐವತ್ತಕ್ಕೆ ನಲವತ್ತೊಂದು! ಎರಡು ವರ್ಷದ ಹಿಂದೆ ಕಿರುಂಬಾದ ಮೀನು ಮಾರ್ಕೆಟ್ಟಿನಲ್ಲಿ ಬಲೆಗಳ ಮೇಲೆ ಮಲಗುತ್ತಿದ್ದ ಹುಡುಗಿ. ಸೆಪ್ಟೆಂಬರಿನಲ್ಲಿ ಏಳನೇ ತರಗತಿ ಪರೀಕ್ಷೆ. ಪಾಸಾದರೆ ಸೆಕೆಂಡರಿ ಸ್ಕೂಲು, ಹಾಸ್ಟೆಲ್ಲು.

ಈಗ ಇದೊಂದು ಬೇರೆ. ನಮ್ಮ ಮುಖ್ಯಸ್ಥ ರ್ವೆಗಸಿರಾ ಸಾಹೇಬರಿಗೆ ಮತ್ತೆ ಆಶ್ರಮ ಖಾಲಿ ಮಾಡಿಸುವ ಜ್ವರ. "ಮಿಂಝಾ, ಮಕ್ಕಳು ಮನೆ ಸೇರ್ಬೇಕು, ಇಲ್ಲಿ ಬೇರು ಬಿಡಬಾರ್ದು." ನಾಲ್ಕು ಮಕ್ಕಳ ಗುರುತು ರೇಡಿಯೋದಲ್ಲಿ ಓದಿಸುತ್ತಾರಂತೆ. ಡೋಟೋದೂ ಇದೆ. ವಯಸ್ಸು ಸುಮಾರು ಹದಿಮೂರು, ಎಡ ಹುಬ್ಬಿನ ಮೇಲೆ ಗಾಯದ ಗುರುತು, ಕಿರುಂಬಾದಲ್ಲಿ ಸಿಕ್ಕಿದ್ದು. ಹೆಸರು ಮಾತ್ರ ಹೇಳುವಂತಿಲ್ಲ. ಹೆಸರನ್ನು ಬಂದವರೇ ಹೇಳಬೇಕು. ಅದೇ ನಮ್ಮ ಬೀಗ.

ಜುಲೈ 27, ಶುಕ್ರವಾರ. ಮಧ್ಯಾಹ್ನ 1

ಬಂದ. ರೇಡಿಯೋ ಕೇಳಿದನಂತೆ, ಹುಬ್ಬಿನ ಮೇಲೆ ಗಾಯದ ಗುರುತಿರುವ ಹುಡುಗಿಯ, ಅಂದರೆ ಡೋಟೋಳ, ಚಿಕ್ಕಪ್ಪನಂತೆ. ಹೆಸರು ಲುಗೆಂಬೆ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟೋಪಿ.

ಗೇಟಿನಲ್ಲೇ ಮಂಡಿ ಬಗ್ಗಿಸಿ ನಮ್ಮ ಸುಕುಮಾ ಮಾತಿನಲ್ಲಿ ನಮಸ್ಕಾರ ಹೇಳಿದ. ಈ ಊರಲ್ಲಿ ಎಷ್ಟು ದಿನವಾಗಿತ್ತು ಅಂಥ ನಮಸ್ಕಾರ ಕೇಳಿ! ಎಲ್ಲರೂ ಸ್ವಾಹಿಲಿಯಲ್ಲಿ ಒಂದು ಪದ ಉಗುಳಿ ಹೋಗುವವರೇ. ಕೂತ. ಮಳೆ ಹೇಗಿದೆ ಅಂದೆ. ದನ ಹೇಗಿವೆ ಅಂದೆ. ಹತ್ತಿ ಹೇಗಿದೆ ಅಂದೆ. ಒಂದೊಂದಕ್ಕೂ ತಾಳ್ಮೆಯಿಂದ ಉತ್ತರ. ನನ್ನ ತಾಯಿಯ ಕಡೆಯವರ ಗೋತ್ರವೇ ಅವನದೂ. "ಹಾಗಾದ್ರೆ ನೀವು ನಂಗೆ ಅಕ್ಕ ಆಗ್ಬೇಕು" ಅಂದ.

"ಕುಲ್ವಾ ಚೆನ್ನಾಗಿದ್ದಾಳಾ?" ಅಂದೆ.

ಕೇಳದೆ ಇರಲಾದೀತೇ? ಡೋಟೋ ಇದ್ದಲ್ಲಿ ಕುಲ್ವಾ ಇರಲೇಬೇಕು. ನಮ್ಮಲ್ಲಿ ಯಾರ ಮನೆಯ ಅವಳಿಯಾದರೂ ಮುಂಚೆ ಬಂದದ್ದಕ್ಕೆ ಕುಲ್ವಾ, ಹಿಂದೆ ಬಂದದ್ದಕ್ಕೆ ಡೋಟೋ ಅಂತಲೇ ಹೆಸರು. ಒಬ್ಬಳ ಮನೆಯವರು ಬಂದಾಗ ಇನ್ನೊಬ್ಬಳನ್ನು ವಿಚಾರಿಸದಿದ್ದರೆ ಕೇಡು ಬಯಸಿದ ಹಾಗೆ.

ತಲೆ ತಗ್ಗಿಸಿದ. ಟೋಪಿ ಹಿಂಡಿದ. "ಕುಲ್ವಾ ಹೋಗ್ಬಿಟ್ಳು ಅಕ್ಕಾ. ಜ್ವರ ಬಂದಿತ್ತು. ಈ ಕೈಯಲ್ಲೇ ಮಣ್ಣು ಹಾಕ್ದೆ."

ಇಬ್ಬರೂ ಅತ್ತೆವು.

ಊರಿನ ಅಧಿಕಾರಿಯ ಪತ್ರ ತರಬೇಕು, ಅಲ್ಲಿಯವರೆಗೆ ಮಗುವನ್ನು ತೋರಿಸುವುದಿಲ್ಲ ಅಂದೆ. ನಿಯಮ. ಒಪ್ಪಿ ಹೋದ.

ಅದೇ ದಿನ, ಸಂಜೆ

ಡೋಟೋಗೆ ಹೇಳಿದೆ. ಒಣಗಿದ ಪುಟ್ಟ ದಗಾ ಮೀನು ಆರಿಸುತ್ತಿದ್ದಳು. "ನಿನ್ ಚಿಕ್ಕಪ್ಪ ಬಂದಿದ್ರು ಕಂದಾ. ಕುಲ್ವಾ..." ಅಷ್ಟೇ ಅಂದದ್ದು. ಮೊರ ಕೈಯಿಂದ ಬಿತ್ತು. ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟಳು. ಬಂದ ಹೊಸತರಲ್ಲಿ ಪ್ರತಿ ಸಂಜೆ ಗೇಟಿನ ಹತ್ತಿರ ನಿಂತು "ಕುಲ್ವಾ ಬರ್ತಾಳೆ" ಅನ್ನುತ್ತಿದ್ದವಳು.

ಅಯ್ಯೋ ದೇವರೇ, ಇನ್ನೆಂಥ ಸಾಕ್ಷಿ ಬೇಕು? ಒಡಹುಟ್ಟಿದವರಿಗಲ್ಲದೆ ಯಾರಿಗಾದರೂ ಹೀಗೆ ಸಂಕಟವಾಗುತ್ತದೆಯೇ?

ಜುಲೈ 30, ಸೋಮವಾರ

ಮೂರು ದಿನ ಆಯಿತು. ಗಂಜಿ ಎರಡು ಗುಟುಕು. ಉಗಾಲಿ ಮುದ್ದೆ ಮುಟ್ಟಿಲ್ಲ. ಶಾಲೆಗೆ ಹೋಗುತ್ತಾಳೆ, ಬರುತ್ತಾಳೆ, ಪುಸ್ತಕ ಬಿಚ್ಚುವುದಿಲ್ಲ. ಬೈದೆ. ಆಮೇಲೆ ಬೈದದ್ದಕ್ಕೆ ನನ್ನನ್ನೇ ಬೈದುಕೊಂಡೆ.

ಆಗಸ್ಟ್ 3, ಶುಕ್ರವಾರ

ಪತ್ರ ತಂದ. ಶಿನ್ಯಾಂಗಾ ಆಚೆಯ ಹಳ್ಳಿ. ನೇರಳೆ ಮುದ್ರೆ, ಸಹಿ. "ಲುಗೆಂಬೆಯವರ ದಿವಂಗತ ಅಣ್ಣನ ಅವಳಿ ಮಕ್ಕಳಾದ ಕುಲ್ವಾ ಮತ್ತು ಡೋಟೋ..." ಸಾಹೇಬರು ಎರಡು ಸಲ ಓದಿ ಮೇಜಿನ ಮೇಲೆ ತಟ್ಟಿದರು. ಸಮಾಜ ಕಲ್ಯಾಣದ ಮುಶಿ ಮೇಡಂ ಕೂಡ ಬಂದಿದ್ದರು. ಅವರು ಕಿಲಿಮಂಜಾರೋ ಕಡೆಯವರು, ಗಡಿಯಾರ ನೋಡಿಕೊಂಡೇ ಮಾತಾಡುವವರು.

"ಮಗುವಿನ ಹೆಸ್ರು ಇವ್ರೇ ಹೇಳಿದ್ರಾ? ನೀವು ಹೇಳ್ಕೊಟ್ಟಿದ್ದಲ್ಲ ತಾನೆ?" ಮೇಡಂ ಫಾರಂ ನನ್ನ ಕಡೆ ತಳ್ಳಿದರು. ಕೊನೆಯ ಕಾಲಂ ಅದೇ.

ಪೆನ್ನು ತಗೊಂಡೆ. ಹೌದು ಅಂತ ಗುರುತು ಹಾಕಿದೆ. ಒಂದು ಕ್ಷಣವೂ ಯೋಚಿಸಲಿಲ್ಲ — ನಿಜ ಹೇಳುತ್ತೇನೆ — ಯೋಚಿಸಲೇ ಇಲ್ಲ.

ಆಮೇಲೆ ಡೋಟೋಳನ್ನು ಕರೆದರು. "ಇಷ್ಟುದ್ದ ಇದ್ದೆ ನೀನು!" ಅಂತ ಲುಗೆಂಬೆ ಕೈ ತೋರಿಸಿದ. ಗುರುತು ಸಿಕ್ಕಿತೇ ಅಂದರೆ ಇಲ್ಲ ಅಂತ ತಲೆಯಾಡಿಸಿದಳು. ಆರು ವರ್ಷಕ್ಕೇ ಮನೆ ಬಿಟ್ಟ ಮಗು, ಏನು ನೆನಪಿರುತ್ತದೆ ಅಂದರು ಸಾಹೇಬರು. ಅವಳು ಒಂದೇ ಮಾತು ಕೇಳಿದ್ದು.

"ಕುಲ್ವಾನ್ನ ಎಲ್ಲಿ ಹೂತಿದ್ದೀರಿ?"

"ಮನೆ ಹಿಂದೆ ಮಾವಿನ ಮರ ಇದ್ಯಲ್ಲ, ಅದ್ರ ಕೆಳಗೆ. ಬಾ, ತೋರಿಸ್ತೀನಿ."

ಆಗಸ್ಟ್ 6, ಸೋಮವಾರ

ಹೋಗುತ್ತೇನೆ ಅಂದಳು. ಪರೀಕ್ಷೆ ಮುಗಿಸಿ ಹೋಗು ಅಂದೆ. ಅಲ್ಲೇ ಬರೆಯುತ್ತೇನೆ ಅಂದಳು. ಎಲ್ಲಿ ಬರೆಯುತ್ತಾಳೆ? ಹೆಸರು ಇಲ್ಲಿಯ ಶಾಲೆಯಲ್ಲಿದೆ. ಲುಗೆಂಬೆ ಕಾಯಲಾರನಂತೆ, ಕೊಯ್ಲಂತೆ. ಕೊಯ್ಲು ಮುಗಿದು ಎಷ್ಟು ದಿನವಾಯಿತು? ಹತ್ತಿ ಇರಬೇಕು. ಇರಬೇಕು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಒಪ್ಪಿಸುವುದು.

ಆಗಸ್ಟ್ 8, ಬುಧವಾರ. ರೈತರ ಹಬ್ಬ. ಬೆಳಿಗ್ಗೆ 11

ಮರೆಯುವ ಮುಂಚೆ ಬರೆದಿಡುತ್ತೇನೆ.

ರಜೆ. ಮಕ್ಕಳೆಲ್ಲ ಪ್ರದರ್ಶನಕ್ಕೆ ಹೋಗಿದ್ದಾರೆ. ಡೋಟೋಳ ಬಟ್ಟೆ ಮಡಚುತ್ತಿದ್ದೆ. ಎರಡು ಯೂನಿಫಾರ್ಮು, ಹೊದ್ದುಕೊಳ್ಳಲು ನನ್ನದೊಂದು ಕಂಗಾ. ಅವಳು ಪಕ್ಕದಲ್ಲಿ ಕೂತಿದ್ದಳು.

"ಅಮ್ಮಾ, ಆ ಚಿಕ್ಕಪ್ಪನ ಮನೆಗೆ ಕುಲ್ವಾ ಹೆಂಗೆ ಹೋದ್ಳು?"

"ಹೆಂಗೆ ಅಂದ್ರೆ? ಅವಳ ಮನೆ ಅಲ್ವೇನೇ ಅದು? ನಿನ್ನದೂ ತಾನೆ?"

"ಅಲ್ಲಮ್ಮ. ಆ ಕಾರಿನ ಹೆಂಗ್ಸು ಕರ್ಕೊಂಡು ಹೋದ್ಳಲ್ಲ, ಸ್ಕೂಲಿಗೆ ಹಾಕ್ತೀನಿ ಅಂತ. ಅವ್ಳು ಈ ಚಿಕ್ಕಪ್ಪನ ಹೆಂಡ್ತೀನಾ?"

"ಯಾವ ಕಾರು? ನಿನ್ನ ಅವಳಿ ಅಲ್ವಾ ಅವಳು?"

ಬಾಗಿಲ ಕಡೆ ನೋಡಿದಳು. ಓಡಿಹೋಗುತ್ತಾಳೆ ಅಂತ ಕೈ ಹಿಡಿದುಕೊಂಡೆ. ಆಣೆ ಇಟ್ಟೆ. ಯಾರಿಗೂ ಹೇಳುವುದಿಲ್ಲ ಅಂದೆ. ನಿಧಾನಕ್ಕೆ ಬಂತು.

ಅವಳಿ ಅಲ್ಲ. ನೆಂಟರೂ ಅಲ್ಲ. ಕಿರುಂಬಾದಲ್ಲಿ ಸಿಕ್ಕವರು. ಒಂದೇ ತಟ್ಟೆಯಲ್ಲಿ ತಿನ್ನುತ್ತಾರೆ, ಒಂದೇ ಚೀಲ ಹೊದೆಯುತ್ತಾರೆ ಅಂತ ಮೀನು ಮಾರುವ ಹೆಂಗಸರು ತಮಾಷೆಗೆ ಇಟ್ಟ ಹೆಸರು. ದೊಡ್ಡವಳು ಕುಲ್ವಾ, ಚಿಕ್ಕವಳು ಡೋಟೋ. ಕಾರಿನವಳು ಕರೆದುಕೊಂಡು ಹೋದಾಗ ಕುಲ್ವಾ ಅಂದಳಂತೆ, "ಸ್ಕೂಲಿರೋ ಜಾಗಕ್ಕೆ ನೀನೂ ಸೇರ್ಕೋ, ಹುಡುಕ್ಕೊಂಡು ಬರ್ತೀನಿ." ಅದಕ್ಕೇ ಇಲ್ಲಿಗೆ ಬಂದಳು. ಅದಕ್ಕೇ ಗೇಟು.

ಇವಳ ನಿಜವಾದ ಹೆಸರು ಕಶಿಂಜೆ. ಕಾಲು ಮುಂದಾಗಿ ಹುಟ್ಟಿದವರಿಗೆ ನಾವು ಇಡುವ ಹೆಸರು.

"ಯಾಕೆ ಹೇಳ್ಲಿಲ್ಲ ಇಷ್ಟು ದಿನ?"

"ಶಾಲೇಲಿ ಡೋಟೋ ಅಂತ ಬರ್ಸಿದ್ದೀರಲ್ಲ. ಸುಳ್ಳು ಹೆಸ್ರಾದ್ರೆ ಪರೀಕ್ಷೆಗೆ ಕೂರಿಸಲ್ಲ ಅಂದ್ರು ಹೆಡ್‌ಮಾಸ್ಟ್ರು."

ಹಾಗಾದರೆ ಲುಗೆಂಬೆಗೆ ಕುಲ್ವಾಳ ಹೆಸರು ಹೇಗೆ ಗೊತ್ತಾಯಿತು?

ನಾನು ಹೇಳಿದೆ. ಈ ಬಾಯಿ. ಈ ಹಾಳು ಬಾಯಿ! ಮಳೆ, ದನ, ಹತ್ತಿ, ಕುಲ್ವಾ... ಅವನು ಒಂದು ಹೆಸರನ್ನೂ ಹೇಳಿರಲಿಲ್ಲ. ನಾನೇ ಕೈಗಿತ್ತೆ. ಒಂದು ಹೆಸರು ಕೊಟ್ಟರೆ ಇನ್ನೊಂದು ಅದರ ಬೆನ್ನಿಗೇ ಬರುತ್ತದೆ, ಯಾವ ಸುಕುಮಾಗೆ ಗೊತ್ತಿಲ್ಲ? ಹೇಗಿದ್ದಾಳೆ ಅಂದಾಗ ಸತ್ತಳು ಅಂದರೆ ಮುಗಿಯಿತು, ಯಾರೂ ಕರೆದು ತಾ ಅನ್ನುವುದಿಲ್ಲ. ಅದನ್ನು ತಂದು ನಾನೇ ಈ ಮಗುವಿಗೆ ಹೇಳಿದೆ.

ಮಧ್ಯಾಹ್ನ 3

ಮುಶಿ ಮೇಡಂ ಆಫೀಸು ಬಾಗಿಲು ಹಾಕಿದೆ. ಫೋನು ಸ್ವಿಚ್ ಆಫ್. ಸಾಹೇಬರು ಸಿಕ್ಕರು. ಆಣೆ ಮುರಿದು ಹೇಳಿದೆ. ಮುಖ ಬೂದಿ ಬಣ್ಣಕ್ಕೆ ತಿರುಗಿತು.

"ನೀವೇ ಹೌದು ಅಂತ ಗುರುತು ಹಾಕಿದ್ದೀರಿ ಮಿಂಝಾ."

"ಹಾಕಿದೆ. ತಪ್ಪು."

"ಈಗ ಹುಡುಗಿ ಡೋಟೋ ಅಲ್ಲ ಅಂದ್ರೆ ಪರೀಕ್ಷೆ ಹೋಯ್ತು. ಡೋಟೋನೇ ಅಂದ್ರೆ ಅವನು ಕರ್ಕೊಂಡು ಹೋಗ್ತಾನೆ. ಯಾವುದು ಬೇಕು ನಿಮ್ಗೆ?"

ಬೇರೆ ದಾರಿ ಇರಬೇಕು. ಹೆಸರು ಮುಟ್ಟದೆ ಅವನನ್ನು ಹಿಡಿಯುವ ದಾರಿ.

ಕಶಿಂಜೆಗೆ — ಬಾಯಿಗೆ ಇನ್ನೂ ಡೋಟೋ ಅಂತಲೇ ಬರುತ್ತದೆ — ಅವನು ಕುಲ್ವಾನ್ನ ಕಂಡೇ ಇಲ್ಲ, ನಾನೇ ಮೋಸ ಹೋದೆ ಅಂದೆ. "ಹಾಗಾದ್ರೆ ಬದುಕಿದ್ದಾಳಾ?" ಅಂದಳು. ಗೊತ್ತಿಲ್ಲ ಅಂದೆ. ಅದು ನಿಜ. ಅಡುಗೆಮನೆಗೆ ಹೋಗಿ ತಣ್ಣನೆಯ ಉಗಾಲಿ ನಿಂತುಕೊಂಡೇ ತಿಂದಳು.

ಆಗಸ್ಟ್ 9, ಗುರುವಾರ. ಬೆಳಿಗ್ಗೆ 6

ಅವಳಿಗೆ ಹೇಳಿದ್ದೇನೆ: ಬಾಯಿ ಬಿಡಬೇಡ, ನಾನು ನೋಡಿಕೊಳ್ಳುತ್ತೇನೆ. ಏನು ನೋಡಿಕೊಳ್ಳುತ್ತೇನೋ. ಮನೆಗೆಲಸಕ್ಕೆ ಮಾರಲೋ, ಮದುವೆ ಮಾಡಿ ದನ ಎಣಿಸಲೋ, ಅವನಿಗೆ ಇವಳು ಯಾಕೆ ಬೇಕೋ.

ಸಂಜೆ 4

ಬರೆಯುತ್ತೇನೆ, ಎಲ್ಲ ಬರೆಯುತ್ತೇನೆ.

ಹತ್ತಕ್ಕೆ ಮೊದಲೇ ಬಂದು ಕೂತಿದ್ದ. ಹೊಸ ಚಪ್ಪಲಿ ತಂದಿದ್ದ ಅವಳಿಗೆ. ಮುಶಿ ಮೇಡಂ ಸಹಿ ಹಾಕಲು ಪೆನ್ನು ತೆಗೆದರು. ಒಂದು ಪ್ರಶ್ನೆ ಅಂದೆ.

"ತಮ್ಮಾ, ಮಕ್ಕಳು ಹುಟ್ಟಿದ ದಿನದ ಕಥೆ ಹೇಳು. ಮಗೂನೂ ಕೇಳ್ಲಿ."

ಎಡವುತ್ತಾನೆ ಅಂದುಕೊಂಡಿದ್ದೆ. ಎಡವಲಿಲ್ಲ! ಕಲ್ಲಿನ ಮೇಲೆ ನೀರು ಹರಿದ ಹಾಗೆ ಹೇಳಿದ. ಕೋಳಿ ಕೂಗುವ ಮುಂಚೆ ಕುಲ್ವಾ ಬಂದಳು, ಕೂಗಿದ ಮೇಲೆ ಡೋಟೋ. ಅಜ್ಜಿ ಅಂಗಳದಲ್ಲಿ ಕುಣಿದಳು. ಒಬ್ಬಳು ಅತ್ತರೆ ಇನ್ನೊಬ್ಬಳು ಅಳುತ್ತಿದ್ದಳು. ಮುಶಿ ಮೇಡಂ ಕಣ್ಣು ಒರೆಸಿಕೊಂಡರು. ಇನ್ನೇನು ಕೇಳಲಿ?

"ಸಾಯೋವಾಗ್ಲೂ ಪಾಪ, ಕುಲ್ವಾ ನಿನ್ ಹೆಸ್ರೇ ಹೇಳ್ತಿದ್ಳು ಕಂದಾ," ಅಂದ.

"ಯಾವ ಹೆಸ್ರು?" ಅಂದಳು ಅವಳು.

"ಡೋಟೋ ಅಂತ. ಇನ್ಯಾವುದು?"

ಎದ್ದು ನಿಂತಳು. ನಾನು ಅವಳ ಕಂಗಾದ ಚುಂಗು ಹಿಡಿದು ಎಳೆದೆ. ಕೊಸರಿಕೊಂಡಳು.

"ನನ್ ಹೆಸ್ರು ಕಶಿಂಜೆ. ಕಾಲು ಮುಂದಾಗಿ ಹುಟ್ಟಿದ್ದು, ಒಬ್ಳೇ ಹುಟ್ಟಿದ್ದು. ಕುಲ್ವಾ ನನ್ನಕ್ಕ ಅಲ್ಲ, ಮಾರ್ಕೆಟ್ಟಲ್ಲಿ ಸಿಕ್ಕಿದ್ದು. ಅವಳನ್ನ ಸಾಯಿಸ್ಬೇಡಿ ನೀವು!"

ಅವನು ನಕ್ಕ. "ನೋಡಿ ಮೇಡಂ, ದುಃಖಕ್ಕೆ ಮಗುವಿನ ತಲೆ ಕೆಟ್ಟಿದೆ. ಫಾರಂ ನೋಡಿ, ಹೆಸ್ರು ನಾನೇ ಹೇಳಿದ್ದು ಅಂತ ಈ ಅಕ್ಕನೇ ಬರ್ದಿದ್ದಾರೆ."

ಎಲ್ಲರೂ ನನ್ನ ಕಡೆ ತಿರುಗಿದರು. ಇಪ್ಪತ್ತೆರಡು ವರ್ಷದ ಕೆಲಸ. ಎದ್ದು ನಿಂತೆ.

"ಅದು ಸುಳ್ಳು ಮೇಡಂ. ಹೆಸ್ರು ಹೇಳಿದ್ದು ನಾನು. ಕುಶಲ ಕೇಳೋ ಭರದಲ್ಲಿ ಕುಲ್ವಾ ಅಂದ್ಬಿಟ್ಟೆ. ಇವನು ಅದನ್ನೇ ಹಿಡ್ಕೊಂಡ."

ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು. "ಹಳ್ಳಿ ಅಧಿಕಾರಿ ಖುದ್ದು ಬರ್ಲಿ. ಅಲ್ಲಿವರ್ಗೂ ನೀವು ಇಲ್ಲೇ ಕೂತಿರಿ," ಅಂದರು ಅವನಿಗೆ. ಆಗಲಿ, ಫೋನ್ ಮಾಡಿ ಕರೆಸುತ್ತೇನೆ, ಒಳಗೆ ಸಿಗ್ನಲ್ ಇಲ್ಲ ಅಂತ ಹೊರಗೆ ಹೋದ. ಹತ್ತು ನಿಮಿಷ. ಅರ್ಧ ಗಂಟೆ. ಕಾವಲುಗಾರ ಬಂದು, ಆ ಮನುಷ್ಯ ಬೈಕ್ ಹತ್ತಿ ಹೋದನಲ್ಲ ಅಂದ. ಪೊಲೀಸರಿಗೆ ಹೇಳಿದ್ದಾರೆ.

ಮೇಜಿನ ಮೇಲೆ ಚಪ್ಪಲಿ ಉಳಿದಿತ್ತು. ಸಾಹೇಬರೇ ಎತ್ತಿ ಹೊರಗೆ ಎಸೆದರು.

ಆಗಸ್ಟ್ 20, ಸೋಮವಾರ

ನನಗೆ ಎಚ್ಚರಿಕೆ ಪತ್ರ. ಇನ್ನು ಆರು ತಿಂಗಳು ಯಾವ ಫಾರಮ್ಮಿಗೂ ನನ್ನ ಕೈ ತಾಗುವಂತಿಲ್ಲ. ಸರಿಯೇ. ಕೊಡದಿದ್ದರೆ ನಾನೇ ಕೇಳಿ ಪಡೆಯುತ್ತಿದ್ದೆ.

ಪರೀಕ್ಷೆ ಈ ವರ್ಷ ಇಲ್ಲ. ಹೆಸರು ತಿದ್ದಲು ಕೋರ್ಟಿನ ಪ್ರಮಾಣ ಬೇಕು, ಅದು ಬರುವಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತದೆ. ಹಳೆ ಹೆಸರಲ್ಲೇ ಬರೆಯಲಿ, ಯಾರು ನೋಡುತ್ತಾರೆ ಅಂದರು ಸಾಹೇಬರು, ಪಾಪ, ಅವಳ ಮೇಲಿನ ಪ್ರೀತಿಗೆ. ಅವಳು ಒಪ್ಪಲಿಲ್ಲ. ನಾನು ಸ್ನಾನದ ಮನೆಯಲ್ಲಿ ಕೂತು ಅತ್ತೆ.

ಸೆಪ್ಟೆಂಬರ್ 5, ಬುಧವಾರ. ಬೆಳಿಗ್ಗೆ 9

ಮೂವರು ಹುಡುಗಿಯರು ಪೆನ್ಸಿಲ್ಲು, ರಬ್ಬರು ಹಿಡಿದು ಪರೀಕ್ಷೆಗೆ ಹೋದರು. ಕಶಿಂಜೆ ರಸ್ತೆ ತಿರುವಿನವರೆಗೆ ಬಿಟ್ಟುಬಂದಳು. ಬಂದವಳೇ ನನ್ನ ಎದುರು ಕೂತಳು.

"ಈಗ ಕುಲ್ವಾನ್ನ ಹುಡುಕೋಣ. ರೇಡಿಯೋದಲ್ಲಿ ಓದ್ಸಿ."

ಮುಶಿ ಮೇಡಂಗೆ ಫೋನ್ ಮಾಡಿದೆ. ಬರೆದು ಕಳಿಸಿ, ಇವತ್ತೇ ಓದಿಸುತ್ತೇನೆ, ಕಾರಿನವಳ ವಿಷಯ ಪೊಲೀಸರಿಗೂ ಕೊಡುತ್ತೇನೆ ಅಂದರು. ಕೂತು ಬರೆದೆವು. ವಯಸ್ಸು ಹದಿನೈದು ಇರಬಹುದು. ಎಡಗಿವಿಯ ತುದಿ ಹರಿದಿದೆ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಬಿಳಿ ಕಾರು, ಹೆಂಗಸು, ಎರಡು ವರ್ಷದ ಹಿಂದೆ.

"ಮನೇಲಿ ಏನಂತ ಕರೀತಿದ್ರಂತೆ ಅವಳನ್ನ?"

ಪೆನ್ಸಿಲ್ ಕಚ್ಚಿದಳು.

"ಕೇಳ್ಲೇ ಇಲ್ಲಮ್ಮ. ಅವಳೂ ನನ್ನನ್ನ ಕೇಳಿರ್ಲಿಲ್ಲ."

ಈ ಊರಲ್ಲಿ ಕುಲ್ವಾ ಅಂತ ಕೂಗಿದರೆ ಓಣಿಗೆ ಹತ್ತು ಜನ ತಿರುಗಿ ನೋಡುತ್ತಾರೆ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಾಳೆ. ಕಾಣೆಯಾದವಳನ್ನು ಹುಡುಕುವ ಪ್ರಕಟಣೆ ಇದು, ಬರೆಯಲೇಬೇಕು. ಹೆಸರು —