ಫಾರಮ್ಮಿನ ಆರನೆಯ ಪ್ರಶ್ನೆ

ಯೂನಿಯನ್ ಸಿಟಿ, ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ,
12 ನವೆಂಬರ್ 2024, ಮಂಗಳವಾರ

ನನ್ನ ಚಿನ್ನ ಪ್ರಣೀತಾಳಿಗೆ ನಿನ್ನ ಅಮ್ಮನ ಆಶೀರ್ವಾದ.

ಫೋನಿನ ಪರದೆ ನೋಡಬಾರದು ಎಂದು ಡಾಕ್ಟ್ರು ನಿನಗೆ ಹೇಳಿದ್ದಾರಲ್ಲ, ಅದಕ್ಕೇ ಕಾಗದದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ದೊಡ್ಡದು ಮಾಡಿದ್ದೇನೆ. ನಿನ್ನದು ಉಡುಪಿಯಲ್ಲಿ ಮೂರನೆಯ ಕ್ಲಾಸಿನವರೆಗೆ ಕಲಿತ ಕನ್ನಡ, ನನ್ನದು ಏಳನೆಯದಕ್ಕೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತವಳ ಕನ್ನಡ, ಇಬ್ಬರಿಗೂ ಇಷ್ಟು ಸಾಕು. ಒಂದೇ ಸಲಕ್ಕೆ ಓದಬೇಡ. ತಲೆ ನೋಯಲು ಶುರುವಾದರೆ ಮಡಚಿ ಇಡು. ನಿನ್ನ ಜೊತೆ ಇರುವ ಸಿಂಧು ತಾನು ಓದಿ ಹೇಳುತ್ತೇನೆ ಎಂದರೆ ಬೇಡ ಅನ್ನು. ಇದು ನೀನೇ ಓದಬೇಕಾದ್ದು.

ಊಟ ಮಾಡುತ್ತೀಯಾ? ಕಿಟಕಿಗೆ ದಪ್ಪ ಪರದೆ ಹಾಕಿಸಿದೆಯಾ? ಮೆಲ್ಬರ್ನಿನ ಬಿಸಿಲು ಜೋರು ಎಂದು ಕೇಳಿದೆ, ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದು ನೀನು ಹೇಳಿದ್ದು ತಲೆಯಿಂದ ಹೋಗುವುದಿಲ್ಲ. ಅಪ್ಪ ದಿನಾ ಸೇತುವೆ ದಾಟಿ ಮೌಂಟನ್ ವ್ಯೂ ಕ್ಯಾಂಟೀನಿಗೆ ಹೋಗಿ ಅಡುಗೆ ಮಾಡಿ ಬರುತ್ತಾರೆ. ನಿಮ್ಮ ಆಸ್ಟ್ರೇಲಿಯಾ ಫುಟ್ಬಾಲಿನಲ್ಲಿ ನೀನು ಇನ್ನೊಬ್ಬಳ ಬೆನ್ನಿಗೆ ಮೊಣಕಾಲು ಕೊಟ್ಟು ಹಾರಿ ಚೆಂಡು ಹಿಡಿದ ವಿಡಿಯೋ ಉಂಟಲ್ಲ, ಅದನ್ನು ಅಲ್ಲಿ ಎಲ್ಲರಿಗೂ ತೋರಿಸಿ ಆಗಿದೆ. ಅವರೆಲ್ಲ ನೀನು ಹಾರುವುದನ್ನು ನೋಡುತ್ತಾರೆ. ನಾನು ಬೀಳುವುದನ್ನು ನೋಡುವವಳು.

ಮೊದಲ ಆಟದ ಮುಂಚೆ ಮನೆಯವರೇ ಹುಡುಗಿಗೆ ಜೆರ್ಸಿ ಕೊಡಬೇಕು ಎಂಬ ಪದ್ಧತಿ ನಿಮ್ಮಲ್ಲಿ. ಹದಿನೈದು ಗಂಟೆ ವಿಮಾನದಲ್ಲಿ ಕಣ್ಣು ಮುಚ್ಚದೆ ಕೂತು ಬಂದಿದ್ದೆ. ಬೇರೆ ತಾಯಂದಿರು ಅತ್ತು, ಮಕ್ಕಳನ್ನು ತಬ್ಬಿ, ಏನೇನೋ ಒಳ್ಳೆಯ ಮಾತು ಆಡಿದರು. ನನಗೆ ಬಾಯಿಗೆ ಬಂದದ್ದು ಜಾಗ್ರತೆ ಎಂಬ ಒಂದೇ ಮಾತು. ನೀನು ಅದನ್ನು ಇಂಗ್ಲಿಷಿನಲ್ಲಿ ಹೇಳಿದ ಕೂಡಲೇ ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ. ಆಮೇಲೆ ನಿನಗೆ ಕೆಮ್ಮು ಎಂದು ಕ್ಲಬ್ಬಿನ ಫಿಸಿಯೋಗೆ ಫೋನ್ ಮಾಡಿದೆ, ಆಡುವಾಗ ಹಲ್ಲಿಗೆ ಹಾಕುವ ರಕ್ಷೆ ಸಡಿಲ ಆಗಿದೆ ಎಂದು ಮತ್ತೊಮ್ಮೆ ಮಾಡಿದೆ. ಮೂರನೆಯ ಸಲ ಮಾಡಿದಾಗ ಹುಡುಗಿಯರು ನಿನ್ನನ್ನು ಪಾಪು ಎಂದು ಕರೆಯಲು ಶುರುಮಾಡಿದರಂತೆ. ಆ ದಿನ ನೀನು ಜೋರು ಮಾಡಲಿಲ್ಲ, ಮೆಲ್ಲಗೆ ಹೇಳಿದೆ: "ಅಮ್ಮಾ, ಇನ್ನು ಕ್ಲಬ್ಬಿಗೆ ಒಂದು ಫೋನ್ ಹೋದರೆ ನಾನು ನಿನಗೆ ಫೋನ್ ಮಾಡುವುದಿಲ್ಲ."

ಅದಕ್ಕೇ ಸೆಪ್ಟೆಂಬರಿನಲ್ಲಿ ಬಾಯಿ ಮುಚ್ಚಿ ಕೂತೆ. ಪ್ರಾಕ್ಟೀಸಿನಲ್ಲಿ ಯಾರದ್ದೋ ಮೊಣಕೈ ತಲೆಗೆ ತಾಗಿತು, ಏನೂ ಆಗಿಲ್ಲ, ಯಾರಿಗೂ ಹೇಳಬೇಡ, ಮುಂದಿನ ವಾರ ಇನ್ನೆರಡು ವರ್ಷದ ಕಾಂಟ್ರಾಕ್ಟಿಗೆ ಸಹಿ ಎಂದು ನೀನು ಹೇಳಿದೆ. ಆಯ್ತು ಮಾರಾಯ್ತಿ ಎಂದೆ. ಎರಡು ದಿನ ಬಿಟ್ಟು, ಗುರುವಾರ, ನಾನು ಡೇಕೇರಿನ ಕೆಲಸ ಮುಗಿಸಿ ಬಂದು ಕಾಲು ತೊಳೆಯುವಾಗ ನಿನ್ನ ಫೋನ್ ಬಂತು. ಅದೂ ಇದೂ ಮಾತಾಡಿ, ಅಜ್ಜಿಯ ಮಂಡಿನೋವು ಹೇಗುಂಟು ಎಂದು ನೀನು ಕೇಳಿದೆ.

ಅಜ್ಜಿ ಮೇ ತಿಂಗಳಲ್ಲಿ ತೀರಿಕೊಂಡಿದ್ದರು. ಊರಿಗೆ ಹೋಗಲು ಆಗಲಿಲ್ಲ ಎಂದು ನೀನು ಎಷ್ಟು ಅತ್ತಿದ್ದೆ. ಈಗ ನಿನಗೆ ಅದೆಲ್ಲ ನೆನಪು ಬಂದಿದೆ, ಮೊನ್ನೆ ಅಜ್ಜಿಯ ವರ್ಷಾಂತಿಕ ಯಾವಾಗ ಎಂದು ನೀನೇ ವಿಚಾರಿಸಿದೆ. ಆದರೆ ಆ ಗುರುವಾರ ನಿನಗೆ ಅಜ್ಜಿ ಸತ್ತದ್ದು ಗೊತ್ತಿರಲಿಲ್ಲ ಮಗಾ.

ನಾನು ಏನು ಹೇಳಿದೆ ಗೊತ್ತುಂಟಾ? ಈಗ ಕಡಿಮೆ ಉಂಟು ಎಂದೆ. ಎಣ್ಣೆ ಹಚ್ಚುತ್ತಾರೆ ಎಂದೂ ಸೇರಿಸಿದೆ. ಫೋನ್ ಇಟ್ಟ ಮೇಲೆ ಬಚ್ಚಲಿನಲ್ಲೇ ಕೂತುಬಿಟ್ಟೆ. ಕ್ಲಬ್ಬಿನ ನಂಬರು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದೇ ಇತ್ತು. ಕೆಮ್ಮಿಗೆ ಫೋನ್ ಮಾಡಿದವಳು ಇದಕ್ಕೆ ಮಾಡಲಿಲ್ಲ. ನೀನು ನನ್ನ ಜೊತೆ ಮಾತು ಬಿಡುತ್ತೀ ಎಂಬ ಹೆದರಿಕೆ ಆ ದಿನ ಉಳಿದೆಲ್ಲ ಹೆದರಿಕೆಗಿಂತ ದೊಡ್ಡದಾಯಿತು. ಮರುದಿನ ಸಂಜೆ, ನಿಮ್ಮಲ್ಲಿ ಶನಿವಾರ, ನಾನೂ ಅಪ್ಪನೂ ಆಟ ನೋಡಲು ಕೂತೆವು. ಎದುರು ತಂಡದ ಹುಡುಗಿಯ ಭುಜ ನಿನ್ನ ಕಿವಿಗೆ ಬಡಿದು ನೀನು ನೆಲಕ್ಕೆ ಬಿದ್ದದ್ದನ್ನೂ, ಬಿದ್ದವಳ ಕೈ ಗಾಳಿಯಲ್ಲಿ ಸೆಟೆದು ನಿಂತದ್ದನ್ನೂ ಅಪ್ಪ ನೋಡಿದರು. ನಾನು ಅಪ್ಪನ ಮುಖ ನೋಡಿದೆ.

ಈಗ, ನೀನು ಇನ್ನು ಆಡಬಹುದಾ ಎಂದು ತೀರ್ಮಾನಿಸುವ ಡಾಕ್ಟರುಗಳ ಸಮಿತಿಯ ಫಾರಮ್ಮು ಮನೆಗೂ ಬಂದಿದೆ. ಆರು ಪ್ರಶ್ನೆ. ಆರನೆಯದು, ಆ ಶನಿವಾರದ ಆಟಕ್ಕೆ ಮುಂಚೆ ನಿಮ್ಮ ಮಗಳಲ್ಲಿ ಮರೆವು ಕಂಡಿತ್ತಾ ಎಂದು. ನೀನು ನಿನ್ನ ಫಾರಮ್ಮಿನಲ್ಲಿ ಇಲ್ಲ ಎಂದು ಬರೆದಿದ್ದೀ. ಅದು ಸುಳ್ಳಲ್ಲ, ನಿನಗೆ ಗೊತ್ತೇ ಇಲ್ಲವಲ್ಲ. ನಮಗೂ ಇಲ್ಲ ಎಂದೇ ಬರೆಯಲು ನೀನು ಸಿಂಧುವಿನ ಹತ್ತಿರ ಹೇಳಿ ಕಳಿಸಿದೆ. ಒಂದೇ ಪೆಟ್ಟು ಎಂದಾದರೆ ಬರುವ ವರ್ಷ ಆಡಲು ಬಿಡಬಹುದು, ಎರಡು ಪೆಟ್ಟು ಒಂದರ ಮೇಲೊಂದು ಎಂದಾದರೆ ಇನ್ನು ಯಾವತ್ತೂ ಇಲ್ಲ ಎಂದು ಅವಳು ನನಗೆ ಬಿಡಿಸಿ ಹೇಳಿದಳು. ಒಳ್ಳೆಯ ಹುಡುಗಿ, ಹೇಳುವಾಗ ಅವಳ ಸ್ವರ ಸಣ್ಣದಾಯಿತು.

ನಾನು ಹೌದು ಎಂದು ಬರೆದೆ. ಅಜ್ಜಿಯ ವಿಷಯ ಕೆಳಗಿನ ಖಾಲಿ ಜಾಗದಲ್ಲಿ ಕನ್ನಡದಲ್ಲಿಯೇ ಬರೆದು, ಡೇಕೇರಿನ ರಮಾ ಟೀಚರ್ ಹತ್ತಿರ ಇಂಗ್ಲಿಷು ಮಾಡಿಸಿ, ಮೊನ್ನೆ ಶನಿವಾರ ಕಳಿಸಿ ಆಗಿದೆ. ಇನ್ನು ವಾಪಸು ತರಿಸಲು ಆಗುವುದಿಲ್ಲ. ಈ ಆಟ ಕಲಿಯಲು ಸ್ಯಾನ್ ಫ್ರಾನ್ಸಿಸ್ಕೋದ ಪಾರ್ಕಿಗೆ ನಿನ್ನನ್ನು ಮೊದಲ ಸಲ ಟ್ರೇನಿನಲ್ಲಿ ಕರೆದುಕೊಂಡು ಹೋದವಳೂ ನಾನೇ, ಇದನ್ನು ಮುಗಿಸಿದವಳೂ ನಾನೇ. ಸಿಟ್ಟು ಮಾಡು. ಫೋನ್ ಮಾಡಬೇಡ, ಪರವಾಗಿಲ್ಲ. ಅಜ್ಜಿ ಇಲ್ಲ ಎಂಬುದು ಮಾತ್ರ ನಿನಗೆ ನೆನಪಿರಲಿ, ನಾನು ಇದ್ದೇನೆ ಎಂಬುದೂ.

ಇಂತೀ,
ಯಾವತ್ತೂ ಹೆದರುವ ನಿನ್ನ ಅಮ್ಮ
ಸೌದಾಮಿನಿ

ವಿ.ಸೂ.: ಇನ್ನೊಂದು ಉಂಟು, ಅಪ್ಪನಿಗೂ ಹೇಳದ್ದು. ನೀನು ಆ ತಂಡ ಸೇರಿದಂದಿನಿಂದ ಪ್ರತಿ ಆಟದ ಮುಂಚೆ ದೀಪ ಹಚ್ಚುತ್ತಿದ್ದೆ. ನೀನು ಗೆಲ್ಲಲಿ ಎಂದು ಒಂದು ದಿನವೂ ಕೇಳಿದವಳಲ್ಲ, ನಿನ್ನ ಹೆಸರು ಆಡುವವರ ಪಟ್ಟಿಯಿಂದ ಬಿಟ್ಟುಹೋಗಲಿ ಎಂದೇ ಕೇಳಿಕೊಂಡದ್ದು. ಫಾರಮ್ಮಿನಲ್ಲಿ ಹೌದು ಎಂದು ಬರೆಯುವಾಗ ನನ್ನ ಕೈ ಒಂದು ಚೂರೂ ನಡುಗಲಿಲ್ಲ. ಜಿರಳೆ ಕಂಡರೂ ನಡುಗುವ ಕೈ ಇದು. ಯಾಕೆ ನಡುಗಲಿಲ್ಲ ಎಂದು ಮೂರು ದಿನದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.